ನಾಯಿ ಕಚ್ಚಿದ ಮೇಲೆ ಲಸಿಕೆ ಹೇಗೆ ಕೆಲಸ ಮಾಡುತ್ತದೆ? ರೇಬೀಸ್ ವೈರಸ್ ನರಕ್ಕೆ ಹತ್ತಿಕೊಳ್ಳುವ ಬಗೆ

ಪ್ರಶ್ನೆ: ನನ್ನ ಎಂಟು ವರ್ಷದ ಮಗ ಟ್ಯೂಷನ್ ಮುಗಿಸಿಕೊಂಡು ಬರುವಾಗ ಬೀದಿನಾಯಿ ಮೀನಖಂಡಕ್ಕೆ ಕಚ್ಚಿತು. ರಕ್ತ ಬಂತು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಯದ ಒಳಗೇ ಸೂಜಿ ಚುಚ್ಚಿ ಒಂದು ಔಷಧಿ ಹಾಕಿದರು. ಎರಡು ತೋಳಿಗೂ ಬೇರೆ ಇಂಜೆಕ್ಷನ್ ಕೊಟ್ಟು, ಇನ್ನೂ ಮೂರು ಸಲ ಬರಬೇಕು ಅಂದರು. ಮಗು ತುಂಬಾ ಅತ್ತ. ನಮ್ಮ ಅತ್ತೆ ‘ವಿಷ ಆಗಲೇ ರಕ್ತಕ್ಕೆ ಸೇರಿರುತ್ತೆ, ಈಗ ಇಂಜೆಕ್ಷನ್ ಕೊಟ್ಟು ಏನು ಪ್ರಯೋಜನ, ನಾಟಿ ಔಷಧಿ ಕೊಡಿಸೋಣ’ ಅಂತಾರೆ. ವೈರಸ್ ಮೈಯೊಳಗೆ ಹೋದ ಮೇಲೆ ಲಸಿಕೆ ಹೇಗೆ ಕೆಲಸ ಮಾಡುತ್ತೆ? ಅದಕ್ಕೆ ನರ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಫ್ಲೂ ವೈರಸ್ ಮೂಗು, ಗಂಟಲಲ್ಲೇ ಇರುತ್ತೆ. ಇದು ಮಾತ್ರ ಮೆದುಳಿಗೆ ಯಾಕೆ ಹೋಗುತ್ತೆ?

ಉತ್ತರ: ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನೀವು ಮಾಡಿದ್ದು ಪೂರ್ತಿ ಸರಿ. ಗಾಯದ ಒಳಗೆ ಹಾಕಿದ ಔಷಧಿಯೂ ಸರಿ, ತೋಳಿಗೆ ಕೊಟ್ಟದ್ದೂ ಸರಿ. ಉಳಿದ ಮೂರು ಸಲವೂ ಹೇಳಿದ ದಿನಕ್ಕೇ ಮಗನನ್ನು ಕರೆದುಕೊಂಡು ಹೋಗಿ. ನಾಟಿ ಔಷಧಿಯನ್ನು ನಂಬಿ ಒಂದು ಡೋಸನ್ನೂ ಬಿಡಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮನಸ್ಸನ್ನೂ ನೋಯಿಸದೆ ಮಾತಾಡುವ ಪ್ರಯತ್ನ ಮಾಡುವುದಿಲ್ಲ, ಯಾಕೆಂದರೆ ಈ ಕಾಯಿಲೆಯ ಲಕ್ಷಣ ಒಮ್ಮೆ ಶುರುವಾದರೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಹಾಗಂತ ನಿಮ್ಮ ಅತ್ತೆಯವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಬೇರೆ ಲಸಿಕೆಗಳಲ್ಲಿ ಹೆಚ್ಚಿನವನ್ನು ಸಾಮಾನ್ಯವಾಗಿ ಕಾಯಿಲೆ ತಗಲುವ ಮೊದಲೇ ಕೊಡುತ್ತೇವೆ. ಪೋಲಿಯೊ, ದಡಾರದ ಲಸಿಕೆಗಳು ಹಾಗೇ. ಇದನ್ನು ಕಚ್ಚಿದ ಮೇಲೆ ಕೊಟ್ಟರೂ ನಡೆಯುತ್ತದೆ ಅಂದರೆ ಅನುಮಾನ ಬರುವುದು ಸಹಜ, ಅಲ್ವಾ? ಉತ್ತರ ಇರುವುದು ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವ ರೀತಿಯಲ್ಲಿ. ನಾಯಿಯ ಹಲ್ಲು ಚರ್ಮ ಸೀಳಿದಾಗ ವೈರಸ್ ಮೈಯೊಳಗೆ ಬಂದಿರುತ್ತದೆ, ನಿಜ. ಆದರೆ ಇನ್ನೂ ಜೀವಕೋಶದ ಒಳಗೆ ಹೋಗಿರುವುದಿಲ್ಲ. ಗಾಯದ ರಕ್ತದ ನಡುವೆ, ಮಾಂಸದ ಎಳೆಗಳ ಸಂದಿಯಲ್ಲಿ ಸುಮ್ನೆ ತೇಲಿಕೊಂಡಿರುತ್ತದೆ. ಅಲ್ಲಿರುವಷ್ಟು ಹೊತ್ತು ಅದು ನಮ್ಮ ಕೈಗೆ ಸಿಗುತ್ತದೆ. ನರದ ಒಳಗೆ ಸೇರಿದ ಮೇಲೆ ಸಿಗುವುದಿಲ್ಲ. ನಿಮ್ಮ ಮಗನಿಗೆ ಆಸ್ಪತ್ರೆಯಲ್ಲಿ ಮಾಡಿದ್ದೆಲ್ಲವೂ ಈ ಎರಡರ ನಡುವಿನ ಅವಧಿಯಲ್ಲಿ ವೈರಸ್ಸನ್ನು ಹಿಡಿಯುವ ಕೆಲಸ.

ಈಗ ಆ ವೈರಸ್ಸನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ರೇಬೀಸ್ ವೈರಸ್ ಬಂದೂಕಿನ ಗುಂಡಿನ ಆಕಾರದಲ್ಲಿರುತ್ತದೆ. ಒಂದು ಕಡೆ ಗುಂಡಗೆ, ಇನ್ನೊಂದು ಕಡೆ ಚಪ್ಪಟೆ. ಉದ್ದ ಸುಮಾರು 180 ನ್ಯಾನೋಮೀಟರ್, ದಪ್ಪ ಸುಮಾರು 75. ಇಂಥ ಐದೂವರೆ ಸಾವಿರ ವೈರಸ್‌ಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಅದರೊಳಗೆ ಸುರುಳಿ ಸುತ್ತಿದ ಒಂದು ಆರ್‌ಎನ್‌ಎ ಎಳೆ, ಅಂದರೆ ವೈರಸ್ಸನ್ನು ಕಟ್ಟುವ ಸೂಚನೆ ಬರೆದಿರುವ ಎಳೆ. ಆ ಎಳೆಯಲ್ಲಿ ಸುಮಾರು 12,000 ಅಕ್ಷರ, ಬರೀ ಐದು ಜೀನ್, ಐದು ಪ್ರೋಟೀನ್. ಮನುಷ್ಯನಲ್ಲಿ ಸುಮಾರು 20,000 ಪ್ರೋಟೀನ್ ಜೀನ್‌ಗಳಿವೆ. ಬರೀ ಐದು ಜೀನ್ ಇಟ್ಟುಕೊಂಡು ಇದು ನಮ್ಮನ್ನು ಸೋಲಿಸುತ್ತದೆ ಅನ್ನುವುದು ಪಾಠ ಮಾಡುವಾಗ ಪ್ರತಿ ಸಲವೂ ನನ್ನನ್ನು ತಡೆದು ನಿಲ್ಲಿಸುತ್ತದೆ.

ಆ ಗುಂಡಿನ ಹೊರಗೆ ಕೊಬ್ಬಿನ ತೆಳುವಾದ ಹೊದಿಕೆ ಇರುತ್ತದೆ. ಇದು ವೈರಸ್ಸಿನ ಸ್ವಂತದ್ದಲ್ಲ. ಹಿಂದೆ ಯಾವ ಜೀವಕೋಶದಿಂದ ಹೊರಬಂತೋ ಆ ಕೋಶದ ಪೊರೆಯನ್ನೇ ಹೊದ್ದುಕೊಂಡು ಬಂದಿರುತ್ತದೆ. ಹೊದಿಕೆಯ ತುಂಬ ಸುಮಾರು 400 ಮುಳ್ಳುಗಳು. ಒಂದೊಂದು ಮುಳ್ಳೂ ‘ಜಿ’ ಅನ್ನುವ ಪ್ರೋಟೀನಿನ ಮೂರು ಪ್ರತಿ ಸೇರಿ ಆದದ್ದು. ಐದು ಪ್ರೋಟೀನ್‌ಗಳಲ್ಲಿ ಹೊರಗೆ ಕಾಣಿಸಿಕೊಳ್ಳುವುದು ಇದೊಂದೇ. ಜೀವಕೋಶಕ್ಕೆ ಅಂಟುವುದೂ ಇದೇ, ಒಳಗೆ ನುಗ್ಗಿಸುವುದೂ ಇದೇ. ಮುಂದೆ ಬರುವುದೆಲ್ಲ ಈ ‘ಜಿ’ಯ ಸುತ್ತಲೇ ತಿರುಗುತ್ತದೆ. ಹಾಗಾಗಿ ಇದೊಂದು ಹೆಸರು ನೆನಪಿಟ್ಟುಕೊಳ್ಳಿ.

ವೈರಸ್‌ಗೆ ನರ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಗೊತ್ತಾಗುವುದಿಲ್ಲ. ಅದಕ್ಕೆ ಕಣ್ಣಿಲ್ಲ, ಬುದ್ಧಿಯಿಲ್ಲ, ಈಜುವ ಬಾಲವೂ ಇಲ್ಲ. ನೀರಿನ ಅಣುಗಳು ತಳ್ಳಿದ ಕಡೆಗೆ ಅಲೆಯುತ್ತದೆ. ಹೊಲದ ಬದುವಿನಲ್ಲಿ ನಡೆದು ಬಂದರೆ ಉತ್ತರಾಣಿ ಕಾಳು ಪಂಚೆಗೆ, ಸೀರೆ ಅಂಚಿಗೆ ಹತ್ತಿಕೊಳ್ಳುತ್ತದೆ. ಕೈಯಲ್ಲಿರುವ ಸ್ಟೀಲ್ ಡಬ್ಬಿಗೆ ಹತ್ತುವುದಿಲ್ಲ. ಉತ್ತರಾಣಿಗೆ ಪಂಚೆಯ ಗುರುತು ಇದೆಯಾ? ಇಲ್ಲ. ಅದರ ಕೊಕ್ಕೆಗೆ ಸಿಕ್ಕಿಕೊಳ್ಳುವಂಥ ನೂಲು ಪಂಚೆಯಲ್ಲಿದೆ, ಡಬ್ಬಿಯಲ್ಲಿಲ್ಲ, ಅಷ್ಟೇ. ವೈರಸ್ ಕೂಡ ದಾರಿಯಲ್ಲಿ ನೂರೆಂಟು ಕೋಶಗಳಿಗೆ ತಾಗಿ ಜಾರಿಹೋಗುತ್ತದೆ. ‘ಜಿ’ ಹಿಡಿದುಕೊಳ್ಳುವಂಥ ಪ್ರೋಟೀನ್ ಯಾವ ಕೋಶದ ಮೈಮೇಲೆ ಇದೆಯೋ ಅಲ್ಲಿ ನಿಲ್ಲುತ್ತದೆ. ಹೀಗೆ ಹಿಡಿತಕ್ಕೆ ಸಿಗುವ ಪ್ರೋಟೀನನ್ನು ರಿಸೆಪ್ಟರ್ ಅನ್ನುತ್ತೇವೆ. ಕನ್ನಡ ಪುಸ್ತಕಗಳಲ್ಲಿ ಗ್ರಾಹಕ ಅಂತ ಓದಿರಬಹುದು.

ಈ ರಿಸೆಪ್ಟರ್‌ಗಳು ವೈರಸ್ಸಿಗೋಸ್ಕರ ಇರುವುದಲ್ಲ. ನಮ್ಮ ದೇಹದ ದಿನನಿತ್ಯದ ಕೆಲಸಕ್ಕೆ ಬೇಕಾದವು. ನಿಮ್ಮ ಮಗ ಓಡಬೇಕು ಅಂದುಕೊಂಡ ತಕ್ಷಣ ಬೆನ್ನುಹುರಿಯಿಂದ ಹೊರಟ ನರ ಮೀನಖಂಡದ ಸ್ನಾಯುವಿನವರೆಗೆ ಸುದ್ದಿ ತರುತ್ತದೆ. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಒಂದು ಸಂದಿ ಇರುತ್ತದೆ. ಆ ಸಂದಿಗೆ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಆಚೆ ದಡದಲ್ಲಿ ಸ್ನಾಯುವಿನ ಮೈಮೇಲೆ ಅದನ್ನು ಹಿಡಿಯುವ ರಿಸೆಪ್ಟರ್‌ಗಳು ಒತ್ತೊತ್ತಾಗಿ ನಿಂತಿರುತ್ತವೆ. ಎಷ್ಟು ಒತ್ತು ಅಂದರೆ, ಒಂದು ಚದರ ಮೈಕ್ರೋಮೀಟರ್ ಜಾಗದಲ್ಲಿ ಸುಮಾರು 10,000. ರಾಸಾಯನಿಕ ಹಿಡಿದ ಕೂಡಲೇ ಅವು ತೆರೆದುಕೊಂಡು ಸ್ನಾಯು ಬಿಗಿಯುತ್ತದೆ, ಕಾಲು ಎದ್ದೇಳುತ್ತದೆ. ರೇಬೀಸ್ ವೈರಸ್ಸಿನ ‘ಜಿ’ ಹತ್ತಿಕೊಳ್ಳುವುದು ಇದೇ ರಿಸೆಪ್ಟರ್‌ಗೆ. ಅಂದರೆ ನರ ಮತ್ತು ಸ್ನಾಯು ಸೇರುವ ಜಾಗದಲ್ಲೇ ಅದು ರಾಶಿ ಬೀಳುತ್ತದೆ.

ಇದು ಗೊತ್ತಾದ ರೀತಿ ಸೊಗಸಾಗಿದೆ. 1982ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಥಾಮಸ್ ಲೆಂಟ್ಜ್ ಮತ್ತು ಸಂಗಡಿಗರು ಸ್ನಾಯುಕೋಶಗಳ ಮೇಲೆ ವೈರಸ್ ಹಾಕಿ ನೋಡಿದರು. ರಿಸೆಪ್ಟರ್‌ಗಳು ಗುಂಪಾಗಿರುವ ಕಡೆಯೇ ವೈರಸ್ಸೂ ಕೂತಿತ್ತು. ಆಮೇಲೆ ಒಂದು ಜಾತಿಯ ಕಟ್ಟುಹಾವಿನ ವಿಷದಿಂದ ತೆಗೆದ ಪ್ರೋಟೀನನ್ನು ಮೊದಲೇ ಹಾಕಿ, ನಂತರ ವೈರಸ್ ಬಿಟ್ಟರು. ಈ ಸಲ ಸೋಂಕು ತಗುಲಿದ ಕೋಶಗಳು ಕಡಿಮೆಯಾದವು. ಕಟ್ಟುಹಾವಿನ ಆ ವಿಷ ಕೂರುವುದೂ ಅದೇ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಮೇಲೆ. ಜಾಗ ಆಗಲೇ ಭರ್ತಿಯಾಗಿದ್ದರಿಂದ ವೈರಸ್‌ಗೆ ಹಿಡಿಯಲು ಏನೂ ಸಿಗಲಿಲ್ಲ. ಎರಡು ವರ್ಷ ಬಿಟ್ಟು ಅದೇ ತಂಡ ಇನ್ನೊಂದು ವಿಷಯ ಕಂಡುಕೊಂಡಿತು. ‘ಜಿ’ ಪ್ರೋಟೀನಿನ ಒಂದು ತುಣುಕು ನಾಗರಹಾವು, ಕಟ್ಟುಹಾವುಗಳ ಈ ಬಗೆಯ ವಿಷದ ತುಣುಕಿನ ಹಾಗೇ ಇದೆ. ಹಾವಿಗೂ ವೈರಸ್ಸಿಗೂ ಯಾವ ನಂಟೂ ಇಲ್ಲ. ಆದರೂ ನಮ್ಮ ಮೈಯ ಒಂದೇ ರಿಸೆಪ್ಟರನ್ನು ಹಿಡಿಯಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಕಾರದ ಕೊಕ್ಕೆ ಬಂದಿದೆ. 2007ರಲ್ಲಿ ಬೇರೆ ವಿಜ್ಞಾನಿಗಳು ‘ಜಿ’ಯ ಬರೀ 29 ಅಮೈನೋ ಆಮ್ಲದಷ್ಟು (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಇವು) ತುಣುಕನ್ನು ಮಾತ್ರ ಬಳಸಿ, ಇಲಿಗಳ ರಕ್ತಕ್ಕೆ ಕೊಟ್ಟ ಔಷಧಿ ಮೆದುಳಿನ ಕೋಶಗಳಿಗೆ ತಲುಪುವ ಹಾಗೆ ಮಾಡಿದರು.

ಅಲ್ಲಿಗೆ ವೈರಸ್ ನಿಂತದ್ದು ಸ್ನಾಯುವಿನ ದಡದಲ್ಲಿ. ನರ ಇರುವುದು ಆಚೆ ದಡದಲ್ಲಿ. ಸಂದಿ ಚಿಕ್ಕದಾದ್ದರಿಂದ ದಾಟುವುದು ಕಷ್ಟವಲ್ಲ. ನರದ ತುದಿಯಲ್ಲಿ ‘ಜಿ’ಗೆ ಹಿಡಿತ ಕೊಡುವ ಬೇರೆ ರಿಸೆಪ್ಟರ್‌ಗಳಿವೆ. ನರಕೋಶಗಳು ಒಂದಕ್ಕೊಂದು ಅಂಟಿಕೊಳ್ಳಲು ಬಳಸುವ ‘ಎನ್‌ಕ್ಯಾಮ್’ ಒಂದು, ನರಗಳ ಬೆಳವಣಿಗೆಗೆ ಬೇಕಾದ ‘ಪಿ75’ ಇನ್ನೊಂದು. ಇವೆರಡನ್ನೂ 1998ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗುರುತಿಸಿದರು. ಯಾವುದೋ ಒಂದು ರಿಸೆಪ್ಟರನ್ನು ಮುಚ್ಚಿದರೆ ವೈರಸ್ ಪೂರ್ತಿ ನಿಲ್ಲುವುದಿಲ್ಲ, ಇನ್ನೊಂದನ್ನು ಹಿಡಿಯುತ್ತದೆ. ಹಾಗಾಗಿಯೇ ರಿಸೆಪ್ಟರ್ ಮುಚ್ಚುವ ಔಷಧಿ ಮಾಡುವುದು ಕಷ್ಟ. ಅದಕ್ಕಿಂತ ‘ಜಿ’ಯ ಕೊಕ್ಕೆಯನ್ನೇ ಮುಚ್ಚುವುದು ಒಳ್ಳೆಯ ಉಪಾಯ. ಲಸಿಕೆ ಮಾಡುವುದು ಇದನ್ನೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಅಂಟಿಕೊಂಡ ಮೇಲೆ ಒಳಗೆ ಹೋಗಬೇಕಲ್ಲ. ಹೆಚ್ಚಿನವರು ವೈರಸ್ ಪೊರೆಯನ್ನು ಕೊರೆದು ನುಗ್ಗುತ್ತದೆ ಅಂದುಕೊಂಡಿದ್ದಾರೆ. ನಿಜಕ್ಕೂ ಜೀವಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನ ಪೋಷಕಾಂಶಗಳನ್ನು, ಹಳೆಯ ರಿಸೆಪ್ಟರ್‌ಗಳನ್ನು ಪೊರೆಯ ಸಮೇತ ಒಳಕ್ಕೆ ಮಡಚಿ, ಸಣ್ಣ ಚೀಲ ಮಾಡಿ ಎಳೆದುಕೊಳ್ಳುವುದು ಎಲ್ಲ ಕೋಶಗಳ ಅಭ್ಯಾಸ. ರಿಸೆಪ್ಟರ್‌ಗೆ ಅಂಟಿಕೊಂಡ ವೈರಸ್ಸೂ ಅದರ ಜೊತೆಗೇ ಒಳಗೆ ಹೋಗುತ್ತದೆ. ಈಗ ವೈರಸ್ ಕೋಶದ ಒಳಗಿದೆ, ಆದರೆ ಚೀಲದಲ್ಲಿ ಬಂಧಿಯಾಗಿದೆ. ಚೀಲದೊಳಗೆ ನಿಧಾನಕ್ಕೆ ಆಮ್ಲ ಏರುತ್ತದೆ, ಪಿಎಚ್ ಇಳಿಯುತ್ತದೆ. ಅದು 6.3ರ ಹತ್ತಿರ ಬಂದಾಗ ‘ಜಿ’ಯ ಆಕಾರ ಬದಲಾಗುತ್ತದೆ. ಮಡಚಿಕೊಂಡಿದ್ದ ಭಾಗ ಚಾಚಿಕೊಂಡು ಚೀಲದ ಗೋಡೆಗೆ ಚುಚ್ಚಿಕೊಳ್ಳುತ್ತದೆ. ಮತ್ತೆ ಮಡಚಿ ಗೋಡೆಯನ್ನೂ ವೈರಸ್ಸಿನ ಹೊದಿಕೆಯನ್ನೂ ಹತ್ತಿರ ಎಳೆಯುತ್ತದೆ. ಎರಡೂ ಕೊಬ್ಬಿನ ಪದರಗಳು, ಒಂದಾಗಿಬಿಡುತ್ತವೆ. ಒಳಗಿದ್ದ ಆರ್‌ಎನ್‌ಎ ಸುರುಳಿ ಕೋಶದ ರಸಕ್ಕೆ ಬಿಡುಗಡೆಯಾಗುತ್ತದೆ. ಕಸ ಕರಗಿಸಲು ಇರುವ ಆಮ್ಲವೇ ವೈರಸ್‌ಗೆ ಬಾಗಿಲು ತೆರೆಯುವ ಸೂಚನೆ ಆಗುತ್ತದೆ.

ನರದಲ್ಲಿ ಇದರ ಜೊತೆಗೆ ಒಂದು ವಿಶೇಷ ಇದೆ. ನರಕೋಶ ಅಂದರೆ ಒಂದು ಚುಕ್ಕೆಯಲ್ಲ. ನಿಮ್ಮ ಮಗನ ಮೀನಖಂಡದಲ್ಲಿ ತುದಿ ಇರುವ ನರಕೋಶದ ಮುಖ್ಯ ದೇಹ ಇರುವುದು ಬೆನ್ನುಹುರಿಯಲ್ಲಿ. ಎರಡರ ನಡುವೆ ಅರ್ಧ ಮೀಟರಿಗೂ ಜಾಸ್ತಿ ಉದ್ದದ ಒಂದೇ ಎಳೆ. ತುದಿಯಲ್ಲಿ ಹಿಡಿದ ಸಾಮಾನನ್ನು ಆ ದೇಹದವರೆಗೆ ಸಾಗಿಸಲು ಎಳೆಯ ಒಳಗೆ ಉದ್ದುದ್ದ ಕೊಳವೆಯಂಥ ಹಳಿಗಳಿವೆ. ಅವುಗಳ ಮೇಲೆ ‘ಡೈನೀನ್’ ಎಂಬ ಮೋಟಾರ್ ಪ್ರೋಟೀನ್ ಹೆಜ್ಜೆ ಹಾಕಿಕೊಂಡು ಚೀಲಗಳನ್ನು ಎಳೆದೊಯ್ಯುತ್ತದೆ. ರೇಬೀಸ್ ವೈರಸ್ ತನ್ನ ಚೀಲದಲ್ಲಿ ಹಾಗೇ ಕೂತು, ಈ ಸಾಗಾಣಿಕೆಯಲ್ಲೇ ಬೆನ್ನುಹುರಿಯವರೆಗೆ ಹೋಗುತ್ತದೆ. ಹೊದಿಕೆ ಬಿಚ್ಚುವುದು ಅಲ್ಲಿಗೆ ತಲುಪಿದ ಮೇಲೆ. ವೇಗ ದಿನಕ್ಕೆ ಸುಮಾರು 50ರಿಂದ 100 ಮಿಲಿಮೀಟರ್.

ಹಾಗಿದ್ದರೆ ಮೀನಖಂಡದಿಂದ ಬೆನ್ನುಹುರಿಗೆ ಒಂದು ವಾರ, ಹತ್ತು ದಿನ ಸಾಕು ಅಂತ ಲೆಕ್ಕ ಹಾಕುತ್ತೀರಿ. ಗಾಬರಿಯಾಗಬೇಡಿ. ಆ ಲೆಕ್ಕ ವೈರಸ್ ನರದೊಳಗೆ ಹತ್ತಿದ ಮೇಲಿನದು. ಹತ್ತುವುದಕ್ಕೆ ಮೊದಲು ಅದು ಸ್ನಾಯುವಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತಡೆದು ನಿಲ್ಲಬಹುದು. ಸ್ನಾಯುಕೋಶದೊಳಗೇ ಹೊಕ್ಕು ಸ್ವಲ್ಪ ಸ್ವಲ್ಪ ಹೆಚ್ಚುತ್ತಲೂ ಇರಬಹುದು. ಅದಕ್ಕೇ ಕಚ್ಚಿದ ದಿನದಿಂದ ಕಾಯಿಲೆ ಕಾಣಿಸಿಕೊಳ್ಳುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ವಾರದಲ್ಲೇ ಬಂದದ್ದೂ ಇದೆ, ವರ್ಷ ದಾಟಿದ್ದೂ ಇದೆ. ಮುಖ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದರೆ ಅವಧಿ ಕಡಿಮೆ. ಮುಖದಿಂದ ಮೆದುಳಿಗೆ ದಾರಿ ಹತ್ತಿರ, ಬೆರಳ ತುದಿಯಲ್ಲಿ ನರಗಳ ದಟ್ಟಣೆ ಹೆಚ್ಚು. ಮಕ್ಕಳ ಎತ್ತರ ಕಡಿಮೆ ಇರುವುದರಿಂದ ನಾಯಿಯ ಬಾಯಿ ಅವರ ಮುಖದ ಮಟ್ಟಕ್ಕೇ ಬರುತ್ತದೆ. ಚಿಕ್ಕ ಮಕ್ಕಳ ವಿಷಯದಲ್ಲಿ ನಾವು ಒಂದು ಗಂಟೆಯನ್ನೂ ವ್ಯರ್ಥ ಮಾಡಬೇಡಿ ಅನ್ನುವುದು ಇದಕ್ಕೇ.

ಬೆನ್ನುಹುರಿಯ ನರಕೋಶದಲ್ಲಿ ಬಿಚ್ಚಿಕೊಂಡ ಆರ್‌ಎನ್‌ಎ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು. ಆರ್‌ಎನ್‌ಎ ನೋಡಿ ಇಂಥ ಉದ್ದದ ಆರ್‌ಎನ್‌ಎ ಬರೆಯುವ ಕೆಲಸ ನಮ್ಮ ಕೋಶಗಳಿಗೆ ಬರುವುದಿಲ್ಲ. ಅದಕ್ಕೆ ಬೇಕಾದ ‘ಎಲ್’ ಎಂಬ ಪ್ರೋಟೀನನ್ನು ವೈರಸ್ ತನ್ನ ಜೊತೆಗೇ ಹೊತ್ತು ತಂದಿರುತ್ತದೆ. ಉಳಿದ ಕಚ್ಚಾವಸ್ತು, ಶಕ್ತಿ, ಪ್ರೋಟೀನ್ ಕಟ್ಟುವ ವ್ಯವಸ್ಥೆ ಎಲ್ಲ ನಮ್ಮದೇ. ಈ ಕೆಲಸ ನಡೆಯುವ ಜಾಗಗಳು ಕೋಶದೊಳಗೆ ಗುಂಡಗಿನ ಚುಕ್ಕೆಗಳಾಗಿ ಕಾಣುತ್ತವೆ. ಇಟಲಿಯ ಅಡೆಲ್ಚಿ ನೆಗ್ರಿ 1903ರಲ್ಲಿ ಮೈಕ್ರೋಸ್ಕೋಪಿನಲ್ಲಿ ಅವುಗಳನ್ನು ಕಂಡರು. ಅವಕ್ಕೆ ಇವತ್ತಿಗೂ ನೆಗ್ರಿ ಬಾಡಿ ಅಂತಲೇ ಹೆಸರು. ಸತ್ತ ನಾಯಿಗೆ ರೇಬೀಸ್ ಇತ್ತೋ ಇಲ್ಲವೋ ಅಂತ ನೋಡಲು ದಶಕಗಟ್ಟಲೆ ಎಲ್ಲ ಕಡೆ ಹುಡುಕುತ್ತಿದ್ದುದು ಇದನ್ನೇ.

ಹೊಸ ವೈರಸ್‌ಗಳು ಅಲ್ಲಿಂದ ಪಕ್ಕದ ನರಕೋಶಕ್ಕೆ ದಾಟುತ್ತವೆ, ಅಲ್ಲಿಂದ ಮುಂದಿನದಕ್ಕೆ. ಹೀಗೆ ದಾಟಲೂ ‘ಜಿ’ ಬೇಕೇ ಬೇಕು. ಇದಕ್ಕೆ ಪ್ರಯೋಗಾಲಯದಲ್ಲಿ ಕಣ್ಣಿಗೆ ಕಟ್ಟುವಂಥ ಪುರಾವೆ ಇದೆ. 2007ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ರೇಬೀಸ್ ವೈರಸ್ಸಿನ ‘ಜಿ’ ಜೀನನ್ನು ಕತ್ತರಿಸಿ ತೆಗೆದು, ಅಲ್ಲಿ ಹೊಳೆಯುವ ಪ್ರೋಟೀನಿನ ಜೀನ್ ಕೂರಿಸಿದರು. ಆ ವೈರಸ್ ಹೊಕ್ಕ ನರಕೋಶ ಹೊಳೆಯಿತು, ಆದರೆ ವೈರಸ್ ಅಲ್ಲಿಂದ ಹೊರಗೆ ಒಂದು ಹೆಜ್ಜೆಯೂ ಹೋಗಲಿಲ್ಲ. ಅದೇ ಕೋಶಕ್ಕೆ ‘ಜಿ’ಯನ್ನು ಬೇರೆಯಾಗಿ ಒದಗಿಸಿದಾಗ ಅದಕ್ಕೆ ನೇರ ಸಂಪರ್ಕವಿರುವ ಕೋಶಗಳಿಗೆ ದಾಟಿತು, ಅಲ್ಲಿ ‘ಜಿ’ ಇಲ್ಲದ್ದರಿಂದ ನಿಂತುಹೋಯಿತು. ಮೆದುಳಿನಲ್ಲಿ ಯಾವ ಕೋಶ ಯಾವುದಕ್ಕೆ ಜೋಡಿಸಿಕೊಂಡಿದೆ ಅಂತ ನಕ್ಷೆ ಬರೆಯಲು ಇವತ್ತು ಜಗತ್ತಿನ ನರವಿಜ್ಞಾನಿಗಳು ಈ ವಿಧಾನ ಬಳಸುತ್ತಾರೆ. ಇಷ್ಟು ಕ್ರೂರ ವೈರಸ್ ನಮಗೆ ಇಂಥ ಉಪಕಾರ ಮಾಡುತ್ತಿದೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಈ ಅಷ್ಟೂ ಹೊತ್ತು ದೇಹಕ್ಕೆ ಏನೂ ಗೊತ್ತಾಗುವುದಿಲ್ಲವೇ? ಹೆಚ್ಚುಕಡಿಮೆ ಇಲ್ಲ. ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ. ಅತ್ತೆಯವರು ಹೇಳಿದಂತೆ ರಕ್ತಕ್ಕೆ ಸೇರುವ ವಿಷವಾಗಿದ್ದರೆ ದೇಹದ ಕಾವಲು ಕೋಶಗಳು ಬೇಗ ಎಚ್ಚರಗೊಳ್ಳುತ್ತಿದ್ದವು. ಇದು ನರದ ಎಳೆಯ ಒಳಗೇ ಸಾಗುತ್ತದೆ. ಸೋಂಕಿದ ಕೋಶ ಅಪಾಯದ ಸೂಚನೆ ಕೊಡದ ಹಾಗೆ ವೈರಸ್ಸಿನ ‘ಪಿ’ ಪ್ರೋಟೀನ್ ತಡೆಯುತ್ತದೆ. ನರಕೋಶವನ್ನು ಅವಸರದಲ್ಲಿ ಕೊಲ್ಲುವುದೂ ಇಲ್ಲ, ಯಾಕೆಂದರೆ ದಾರಿ ಉಳಿಯಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೊದಲ ದಿನಗಳಲ್ಲೂ ಎಷ್ಟೋ ರೋಗಿಗಳ ರಕ್ತದಲ್ಲಿ ಆಂಟಿಬಾಡಿ, ಅಂದರೆ ವೈರಸ್ಸಿಗೆ ಅಂಟಿ ಅದನ್ನು ತಡೆಯಲು ದೇಹ ಮಾಡುವ ಪ್ರೋಟೀನ್, ಸಿಗುವುದಿಲ್ಲ. ಹುಟ್ಟುವ ಹೊತ್ತಿಗೆ ತಡವಾಗಿರುತ್ತದೆ. ಹೊರಗಿನಿಂದ ಕೊಡೋಣವೆಂದರೆ ರಕ್ತದಲ್ಲಿರುವ ಆಂಟಿಬಾಡಿ ಮೆದುಳಿಗೆ ಸುಲಭವಾಗಿ ದಾಟುವುದಿಲ್ಲ. ಲಕ್ಷಣ ಬಂದ ಮೇಲೆ ನಾವು ಕೈಚೆಲ್ಲುವುದು ಈ ಕಾರಣಕ್ಕೆ. ಬದುಕಿ ಉಳಿದ ಬೆರಳೆಣಿಕೆಯ ರೋಗಿಗಳಲ್ಲಿ ಬಹುಪಾಲು ಜನರಿಗೆ ಮೆದುಳಿನ ಹಾನಿ ಉಳಿದುಬಿಟ್ಟಿದೆ.

ಮೆದುಳಿನಲ್ಲಿ ಹೆಚ್ಚಿದ ವೈರಸ್ ಮತ್ತೆ ನರಗಳ ಮೂಲಕವೇ ಹೊರಗೆ ಹರಡಿ ಜೊಲ್ಲಿನ ಗ್ರಂಥಿಗಳಿಗೆ ಬರುತ್ತದೆ. ನಾಯಿಯಲ್ಲಿ ಇದು ಆಗುವುದು ಕಾಯಿಲೆ ಎದ್ದು ಕಾಣುವ ಕೆಲವೇ ದಿನ ಮುಂಚೆ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ ಅನ್ನುವುದರ ಅರ್ಥ ಇಷ್ಟೇ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ಆ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಅಂತ ಯಾವತ್ತೂ ಕಾಯಬಾರದು. ಲಸಿಕೆ ಮೊದಲು ಶುರುವಾಗಲಿ, ನಾಯಿಯನ್ನು ಜೊತೆಜೊತೆಗೆ ನೋಡಿಕೊಂಡರಾಯಿತು.

ಈಗ ನಿಮ್ಮ ಮಗನಿಗೆ ಮಾಡಿದ್ದಕ್ಕೆ ಬರೋಣ. ಆಸ್ಪತ್ರೆಯಲ್ಲಿ ಮೊದಲು ಗಾಯ ತೊಳೆದಿರುತ್ತಾರೆ. ಮನೆಯಲ್ಲೇ ತೊಳೆದಿದ್ದರೆ ಇನ್ನೂ ಒಳ್ಳೆಯದು. ಹರಿಯುವ ನಲ್ಲಿ ನೀರು, ಬಟ್ಟೆ ಸೋಪಾದರೂ ಸರಿ, ಮೈ ಸೋಪಾದರೂ ಸರಿ, ಪೂರ್ತಿ 15 ನಿಮಿಷ. ವೈರಸ್ಸಿನ ಹೊದಿಕೆ ಕೊಬ್ಬು ಅಂದೆನಲ್ಲ, ಸೋಪು ಅದನ್ನು ಒಡೆಯುತ್ತದೆ. ಹೊದಿಕೆ ಹೋದರೆ ಅದರಲ್ಲಿ ನೆಟ್ಟಿರುವ ‘ಜಿ’ ಮುಳ್ಳುಗಳೂ ಹೋದವು. ಮುಳ್ಳಿಲ್ಲದ ವೈರಸ್ ಯಾವ ಕೋಶಕ್ಕೂ ಅಂಟಲಾರದು. ದುಡ್ಡು ಖರ್ಚಿಲ್ಲದ, ಯಾವ ಹಳ್ಳಿಯಲ್ಲೂ ಸಿಗುವ ಈ ಚಿಕಿತ್ಸೆಯನ್ನು ಜನ ಎಷ್ಟು ಸುಲಭವಾಗಿ ಬಿಟ್ಟುಬಿಡುತ್ತಾರೆ ಅಂತ ನನಗೆ ತುಂಬಾ ಸಂಕಟವಾಗುತ್ತದೆ. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿ ಪುಡಿ, ಸೊಪ್ಪಿನ ರಸ ಇವು ಯಾವುವೂ ಬೇಡ. ಮಾಂಸ ಸುಟ್ಟು ಕೆರಳಿದರೆ ಗಾಯ ಕೆಡುತ್ತದೆ, ವೈರಸ್ ಇನ್ನೂ ಆಳಕ್ಕೆ, ನರದ ತುದಿಗಳ ಹತ್ತಿರಕ್ಕೆ ಹೋಗುತ್ತದೆ. ಹೊಲಿಗೆಯನ್ನೂ ಸಾಧ್ಯವಾದಷ್ಟು ಮುಂದೂಡುವುದು ಇದೇ ಕಾರಣಕ್ಕೆ.

ಗಾಯದ ಒಳಗೆ ಹಾಕಿದ್ದು ಇಮ್ಯುನೊಗ್ಲಾಬ್ಯುಲಿನ್. ಅಂದರೆ ‘ಜಿ’ಯನ್ನು ಹಿಡಿಯುವ ಸಿದ್ಧ ಆಂಟಿಬಾಡಿಗಳು. ಲಸಿಕೆ ಹಾಕಿದ ಕುದುರೆಗಳ ಇಲ್ಲವೇ ಮನುಷ್ಯರ ರಕ್ತದಿಂದ ತೆಗೆದದ್ದು. ಪ್ರಯೋಗಾಲಯದಲ್ಲಿ ತಯಾರಿಸಿದ ಮೋನೋಕ್ಲೋನಲ್ ಆಂಟಿಬಾಡಿಗಳೂ ನಮ್ಮ ದೇಶದಲ್ಲಿ ಸಿಗುತ್ತವೆ. ಇದನ್ನು ತೋಳಿಗೋ ಸೊಂಟಕ್ಕೋ ಕೊಟ್ಟು ಸುಮ್ಮನಾಗದೆ ಗಾಯದ ಮೂಲೆಮೂಲೆಗೂ ಚುಚ್ಚುವುದು ಯಾಕೆ ಅಂತ ಈಗ ನಿಮಗೇ ಗೊತ್ತಾಗಿರುತ್ತದೆ. ವೈರಸ್ ಇರುವುದು ಅಲ್ಲಿ. ತೊಳೆದ ಮೇಲೂ ಉಳಿದಿರುವ ಒಂದೊಂದು ವೈರಸ್ಸಿನ ಮುಳ್ಳುಗಳ ಮೇಲೆ ಆಂಟಿಬಾಡಿ ಕೂತು ಕೊಕ್ಕೆಯನ್ನು ಮುಚ್ಚಬೇಕು. ಮಗುವಿಗೆ ನೋವಾಗಿದ್ದು ನಿಜ. ಆ ವೈದ್ಯರು, ನರ್ಸ್ ಮಗು ಅತ್ತರೂ ಬಿಡದೆ ಸರಿಯಾಗಿ ಹಾಕಿದ್ದಾರೆ ಅಂತ ನನಗೆ ಸಮಾಧಾನ.

ಸಿದ್ಧ ಆಂಟಿಬಾಡಿ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಅಷ್ಟರೊಳಗೆ ದೇಹ ತನ್ನದೇ ಆಂಟಿಬಾಡಿ ಮಾಡಲು ಕಲಿಯಬೇಕು. ಅದಕ್ಕೆ ತೋಳಿನ ಲಸಿಕೆ. ಅದರಲ್ಲಿರುವುದು ಕೊಂದ ವೈರಸ್. ಅದು ಯಾರಿಗೂ ಕಾಯಿಲೆ ತರುವುದಿಲ್ಲ, ಆದರೆ ಅದರ ಮೈಮೇಲೆ ‘ಜಿ’ ಹಾಗೇ ಇರುತ್ತದೆ. ದೇಹ ‘ಜಿ’ಯನ್ನು ನೋಡಿ ಆಂಟಿಬಾಡಿ ಕಟ್ಟಲು ಒಂದರಿಂದ ಎರಡು ವಾರ ಬೇಕು. ಸ್ನಾಯುವಿನಲ್ಲಿ ವೈರಸ್ ತಡೆದು ನಿಲ್ಲುವ ಆ ವಾರಗಳು ನಮಗೆ ಸಿಗುವ ಅವಕಾಶ. ನಿಮ್ಮ ಮಗನಿಗೆ ಕೊಡುತ್ತಿರುವುದು ಚರ್ಮದ ಪದರದೊಳಗೆ ಕೊಡುವ ವಿಧಾನ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿಲೀಟರ್. ಸ್ನಾಯುವಿಗೆ ಕೊಡುವ ವಿಧಾನದಲ್ಲಿ 0, 3, 7, 14, 28 ಹೀಗೆ ಐದು ಸಲ. ಎರಡೂ ಒಳ್ಳೆಯ ರಕ್ಷಣೆ ಕೊಡುತ್ತವೆ. 28ನೇ ದಿನದ್ದನ್ನು ಜನ ಮರೆಯುವುದು ಜಾಸ್ತಿ. ಗಾಯ ವಾಸಿಯಾಗಿರುತ್ತದೆ, ಮಗು ಆಟ ಆಡುತ್ತಿರುತ್ತದೆ, ಇನ್ನು ಯಾಕೆ ಅನ್ನಿಸುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಅತ್ತೆಯವರಿಗೆ ಬಹುಶಃ ಹೊಕ್ಕುಳ ಸುತ್ತ ಕೊಡುತ್ತಿದ್ದ 14 ಇಂಜೆಕ್ಷನ್ ನೆನಪಿರಬಹುದು. ಅದು ಕುರಿಯ ಮೆದುಳಿನಿಂದ ಮಾಡಿದ ಲಸಿಕೆ. ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ್ದು. ನೋವು ಹೆಚ್ಚು, ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ 2004ರ ಕೊನೆಗೆ ಅದರ ತಯಾರಿಕೆ ನಿಂತಿತು. ಈಗಿನದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ಮಾಡಿದ ಲಸಿಕೆ, ಆ ಭಯ ಬೇಡ. ಕಚ್ಚಿದ ಮೇಲೂ ಲಸಿಕೆ ಕೊಡಬಹುದು ಅನ್ನುವುದನ್ನು ಮೊದಲು ತೋರಿಸಿದ್ದು ಲೂಯಿ ಪಾಶ್ಚರ್. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಿಸಿದರು. ಅವನಿಗೆ ಒಂಬತ್ತು ವರ್ಷ, ನಿಮ್ಮ ಮಗನಿಗಿಂತ ಒಂದೇ ವರ್ಷ ದೊಡ್ಡವನು. ಹುಡುಗ ಬದುಕಿದ. ಆಗ ವೈರಸ್ ಅಂದರೆ ಏನು ಅಂತ ಪಾಶ್ಚರ್‌ಗೂ ಗೊತ್ತಿರಲಿಲ್ಲ. ಕಚ್ಚಿದ್ದಕ್ಕೂ ಕಾಯಿಲೆಗೂ ನಡುವೆ ದಿನಗಳಿವೆ, ಆ ದಿನಗಳಲ್ಲಿ ದೇಹವನ್ನು ಸಿದ್ಧಮಾಡಬಹುದು ಅನ್ನುವುದಷ್ಟೇ ಅವರಿಗೆ ಹೊಳೆದಿತ್ತು.

ಇನ್ನು ಫ್ಲೂ ವೈರಸ್ ಮಾತು. ಅದರ ಮುಳ್ಳು ಹಿಡಿಯುವುದು ಕೋಶದ ಮೇಲಿನ ಸಯಾಲಿಕ್ ಆಮ್ಲ ಅನ್ನುವ ಸಕ್ಕರೆ ತುಣುಕನ್ನು. ಅಂಥ ಸಕ್ಕರೆ ಮೈಯ ಬೇರೆ ಕಡೆಯೂ ಇದೆ. ಆದರೆ ಫ್ಲೂ ಮುಳ್ಳು ಕೆಲಸ ಮಾಡಬೇಕಾದರೆ ಮೊದಲು ಒಂದು ಕಡೆ ಕತ್ತರಿಸಿಕೊಳ್ಳಬೇಕು. ಕತ್ತರಿಸುವ ಕಿಣ್ವ ಇರುವುದು ಮುಖ್ಯವಾಗಿ ಮೂಗು, ಗಂಟಲು, ಶ್ವಾಸಕೋಶದಲ್ಲಿ. ಹಾಗಾಗಿ ಮಾಮೂಲಿ ಫ್ಲೂ ಅಲ್ಲೇ ಉಳಿಯುತ್ತದೆ. ಹಕ್ಕಿಜ್ವರದ ವೈರಸ್ ಹಿಡಿಯುವ ಸಕ್ಕರೆಯ ಜೋಡಣೆ ಸ್ವಲ್ಪ ಬೇರೆ. ಹಕ್ಕಿಗಳ ಕರುಳಿನಲ್ಲಿ ಅದು ಹೇರಳ, ನಮ್ಮ ಮೂಗು-ಗಂಟಲಲ್ಲಿ ಕಡಿಮೆ. ಅದಕ್ಕೇ ಅದು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ದಾಟುತ್ತಿಲ್ಲ. ಎಚ್‌ಐವಿಗೆ ಬೇಕಾದದ್ದು ಕೆಲವು ಬಿಳಿರಕ್ತಕಣಗಳ ಮೇಲಿನ ‘ಸಿಡಿ4’ ಎಂಬ ರಿಸೆಪ್ಟರ್, ಜೊತೆಗೆ ‘ಸಿಸಿಆರ್5’ ಎಂಬ ಇನ್ನೊಂದು. ಹುಟ್ಟಿನಿಂದಲೇ ‘ಸಿಸಿಆರ್5’ ಇಲ್ಲದ ಕೆಲವರಿಗೆ ಎಚ್‌ಐವಿ ಬಹುಮಟ್ಟಿಗೆ ತಗಲುವುದೇ ಇಲ್ಲ. ಕೊರೊನಾ ಹಿಡಿದದ್ದು ‘ಎಸಿಇ2’ ಎಂಬ ರಿಸೆಪ್ಟರನ್ನು ಅನ್ನುವುದನ್ನು ನೀವು ಪೇಪರಿನಲ್ಲಿ ಓದಿಯೇ ಇರುತ್ತೀರಿ. ಯಾವ ವೈರಸ್ ಎಲ್ಲಿ ಕಾಯಿಲೆ ತರುತ್ತದೆ ಅನ್ನುವುದು ಬಹುಪಾಲು ಹಿಡಿತ ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ. ರೇಬೀಸ್‌ಗೆ ಹಿಡಿತ ಸಿಗುವುದು ಸ್ನಾಯು ಮತ್ತು ನರದ ಅಂಚಿನಲ್ಲಿ, ಸಾಗಾಣಿಕೆಯೂ ಅಲ್ಲಿಂದಲೇ ಸಿಗುತ್ತದೆ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನಮ್ಮ ದೇಶದಲ್ಲಿ. ಬಹುತೇಕ ಎಲ್ಲವೂ ನಾಯಿ ಕಡಿತದಿಂದ. ಇವರಲ್ಲಿ ಹೆಚ್ಚಿನವರು ಲಸಿಕೆ ಫಲಿಸದೆ ಸತ್ತವರಲ್ಲ. ಹಾಕಿಸದವರು, ತಡಮಾಡಿದವರು, ಅರ್ಧಕ್ಕೆ ಬಿಟ್ಟವರು, ಆಳದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಸಿಗದವರು. ನಿಮ್ಮ ಮಗನಿಗೆ ಅದು ಸಿಕ್ಕಿದೆ.

ಕೊನೆಗೆ ಎರಡು ವಿಷಯ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿ, ಫೋಟೋ ತೆಗೆದೂ ಇಟ್ಟುಕೊಳ್ಳಿ. ಈ ಸಲದ ಎಲ್ಲ ಡೋಸ್ ಮುಗಿಸಿದರೆ ದೇಹ ‘ಜಿ’ಯನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾವತ್ತಾದರೂ ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ಮತ್ತೆ ಸೋಪು-ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಈ ಚೀಟಿ ತೋರಿಸಿ. ಆಗ ಸಾಮಾನ್ಯವಾಗಿ ಮೊದಲ ದಿನ ಮತ್ತು 3ನೇ ದಿನ, ಹೀಗೆ ಎರಡೇ ಸಲ ಲಸಿಕೆ ಕೊಟ್ಟರೆ ಸಾಕಾಗುತ್ತದೆ. ಗಾಯದೊಳಗೆ ಚುಚ್ಚುವ ಆ ನೋವಿನ ಔಷಧಿ ಎರಡನೇ ಸಲ ಬೇಕಾಗುವುದಿಲ್ಲ. ಇದನ್ನು ನಿಮ್ಮ ಮಗನಿಗೂ ಹೇಳಿ.